ಪಾಠದ ಮನೆಯ ಮುನಿಸು

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಸಿದ್ದಾಪುರದ ಕಡೆಯ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ನನ್ನಲ್ಲಿಗೆ ಬಂದರು. ಹುಡುಗಿ ಶಿರಸಿಯಲ್ಲಿ ಹಿರಿಯ ಗುರುಗಳೊಬ್ಬರ ಮನೆಗೆ ಹೋಗಿ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದಳು. ತಾಯಿಯ ದೂರುಗಳು ಎರಡು. ಮಳೆಗೆ ಬಸ್ಸು ತಪ್ಪಿ ಪಾಠ ನಡೆಯದ ದಿನಗಳಿಗೂ ಗುರುಗಳು ಶುಲ್ಕ ಕೇಳಿದ್ದರು. ಅದಕ್ಕಿಂತ ಮಿಗಿಲಾಗಿ, ದೇವಾಲಯದ ಗಾಯನವೃಂದದಲ್ಲಿ ಹಾಡುವುದನ್ನು ಬಿಡಬೇಕೆಂದಿದ್ದರು. “ದೇವರ ಹಾಡು ಬೇಡ ಅನ್ನುವವರ ಹತ್ತಿರ ಮಗಳನ್ನು ಹೇಗೆ ಕಳಿಸಲಿ, ಫಾದರ್?” ಎಂದರು. ನನಗೂ ಸಿಟ್ಟು ಬಂದಿತೆಂಬುದನ್ನು ಮರೆಮಾಚಲಾರೆ. ಹುಡುಗಿ ಮಾತ್ರ ತಲೆ ತಗ್ಗಿಸಿ ಕುಳಿತಿದ್ದಳು.

ಇಂತಹ ಮುನಿಸು ನಮ್ಮ ಸೀಮೆಗೆ ಹೊಸದಲ್ಲ. ಗಂಗೂಬಾಯಿ ಹಾನಗಲ್ (1913–2009) ಅವರು ಹದಿಹರೆಯದಲ್ಲಿ, 1928ರ ಸುಮಾರಿಗೆ, ಹುಬ್ಬಳ್ಳಿಯಲ್ಲಿ ಕೃಷ್ಣಾಚಾರ್ಯ ಹುಲಗೂರರ ಬಳಿ ಕಲಿಯತೊಡಗಿದರು. ಒಂದು ವರ್ಷದಲ್ಲಿ ಸುಮಾರು 60 ಚೀಜುಗಳು ಕೈವಶವಾದವು. ಅಷ್ಟರಲ್ಲಿ ಶುಲ್ಕದ ವಿಷಯದಲ್ಲಿ ಮಾತಿಗೆ ಮಾತು ಬೆಳೆದು ಪಾಠ ನಿಂತಿತು. ಕಲಿಕೆ ನಿಲ್ಲಲಿಲ್ಲ. ದತ್ತೋಪಂತ ದೇಸಾಯಿಯವರಲ್ಲಿ ಕಲಿತು, ಮುಂದೆ ಸವಾಯಿ ಗಂಧರ್ವರ ಶಿಷ್ಯೆಯಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಪಾಠ ಹೇಳಿಸಿಕೊಂಡರು. ಅಲ್ಲಿ ಚೀಜುಗಳ ಲೆಕ್ಕಕ್ಕೆ ಬೆಲೆಯಿರಲಿಲ್ಲ; ಒಂದೇ ಸ್ವರಪುಂಜವನ್ನು ಮತ್ತೆ ಮತ್ತೆ ತಿದ್ದಬೇಕಿತ್ತು. ತಾಯಿ ಅಂಬಾಬಾಯಿಯವರಂತೂ, ಮಗಳ ಹಿಂದೂಸ್ತಾನಿ ಕಲಿಕೆಗೆ ತೊಡಕಾಗಬಾರದೆಂದು ತಮ್ಮ ಕರ್ನಾಟಕ ಸಂಗೀತವನ್ನೇ ನಿಲ್ಲಿಸಿದರು. ನಮ್ಮಲ್ಲಿ ಎಷ್ಟು ಪಾಲಕರಿಗೆ ಈ ಎದೆಗಾರಿಕೆಯಿದೆ?

ಸಂತ ಅಗಸ್ಟೀನರು 389ರ ಸುಮಾರಿಗೆ, ಮಗ ಅದೆಯೋದಾತುಸನೊಡನೆ ನಡೆಸಿದ ಸಂವಾದದ ರೂಪದಲ್ಲಿ ‘ದೇ ಮಜಿಸ್ತ್ರೋ’ ಎಂಬ ಕೃತಿ ರಚಿಸಿದರು. ಗುರುವಿನ ಮಾತು ಸಂಕೇತ ಮಾತ್ರ, ಸತ್ಯವನ್ನು ಶಿಷ್ಯನು ಒಳಗಿನ ಗುರುವಿನಿಂದಲೇ ಅರಿಯಬೇಕು ಎಂಬುದು ಅದರ ತಿರುಳು. ಸಂತ ತೋಮಸ್ ಅಕ್ವಿನಾಸರು ಗುರುವನ್ನು ವೈದ್ಯನಿಗೆ ಹೋಲಿಸುತ್ತಾರೆ: ದೇಹ ತಾನಾಗಿ ಗುಣಹೊಂದುತ್ತದೆ, ವೈದ್ಯನು ನೆರವಾಗುತ್ತಾನೆ. ಹಾಗಾದರೆ ನೋವು ಎಲ್ಲಿದೆಯೆಂದು ಹೇಳಬೇಕಾದವರು ಯಾರು? ನಾವಿಬ್ಬರು ಹಿರಿಯರು ಅರ್ಧ ಗಂಟೆ ಮಾತನಾಡಿದ್ದೆವು. ಹುಡುಗಿಯನ್ನು ಕೇಳಿಯೇ ಇರಲಿಲ್ಲ.

ಕೇಳಿದೆ. ಭಾನುವಾರ ಹಾಡಿದರೆ ಮಂಗಳವಾರದವರೆಗೆ ಗಂಟಲು ನೋಯುತ್ತದೆ ಎಂದಳು. ಗುರುಗಳಿಗೆ ಹೇಳಿದ್ದಳು, ನನಗೆ ಹೇಳಲು ಹೆದರಿದ್ದಳು.

ಮರುವಾರ ಮೂವರೂ ಗುರುಗಳ ಮನೆಗೆ ಹೋದೆವು. ಅವರ ಆಕ್ಷೇಪ ದೇವರ ಹಾಡಿಗಲ್ಲ, ನಮ್ಮ ಶ್ರುತಿಗೆ! ಕೀಬೋರ್ಡ್ ನುಡಿಸುವ ಯುವಕ ತನ್ನ ಅನುಕೂಲಕ್ಕೆ ಇಟ್ಟುಕೊಂಡ ಶ್ರುತಿಗೆ ಇಡೀ ವೃಂದ ಕಿರುಚುತ್ತಿತ್ತು, ನಾನು ಅದನ್ನು ಉತ್ಸಾಹವೆಂದು ಹೊಗಳುತ್ತಿದ್ದೆ. ಶುಲ್ಕದ ಮಾತೂ ಬಂತು. ಹುಡುಗಿಗೆಂದು ಮೀಸಲಿಟ್ಟ ಗಂಟೆಯಲ್ಲಿ ತಾವು ಬೇರೆಯವರನ್ನು ಕೂರಿಸದೆ ಕಾದಿದ್ದುದನ್ನು ಗುರುಗಳು ಹೇಳಿದರು. ಹಿಂದಿನ ದಿನವೇ ತಿಳಿಸಿದರೆ ಪಾಠ ಇನ್ನೊಂದು ದಿನಕ್ಕೆ, ತಿಳಿಸದಿದ್ದರೆ ಶುಲ್ಕ ಕೊಡುವುದು ಎಂದು ಗೊತ್ತಾಯಿತು. ಹಣದ ಮಾತಿಗೆ ನಾವು ಸಂಕೋಚಪಡುತ್ತೇವೆ. ಪಾಠಕ್ಕೆ ಸೇರುವ ದಿನ ಕೇಳಿದ್ದರೆ ಐದು ನಿಮಿಷ ಸಾಕಿತ್ತು.

ಎಲ್ಲ ಮುನಿಸಿಗೂ ಸಂಧಾನವಿಲ್ಲ. ಮಗುವನ್ನು ಹೀಯಾಳಿಸುವ, ಹೊಡೆಯುವ ಕಡೆಯಿಂದ ಅಂದೇ ಬಿಡಿಸಬೇಕು, ಆತ ಎಂತಹ ವಿದ್ವಾಂಸನಾದರೂ. ಆದರೆ ವರ್ಷವಿಡೀ ಅಲಂಕಾರವನ್ನೇ ಹೇಳಿಸುತ್ತಾರೆ, ಹಾಡು ಕಲಿಸುವುದಿಲ್ಲ ಎಂಬ ದೂರು ಬೇರೆ. ಅದಕ್ಕೆ ಮೊದಲು ಕುಂದಗೋಳದ ರೈಲನ್ನು ನೆನೆಯಿರಿ.

ಕ್ರಿಸ್ತ ಜಯಂತಿಯ ರಾತ್ರಿ ಹುಡುಗಿ ಇಳಿಸಿದ ಶ್ರುತಿಯಲ್ಲಿ ಹಾಡಿದಳು. ಈ ಸಲ ಹಾಡಿನಲ್ಲಿ ಗಟ್ಟಿತನವಿರಲಿಲ್ಲವೆಂದು ಇಬ್ಬರು ಹಿರಿಯರು ನನ್ನಲ್ಲಿ ದೂರಿದರು. ಗುರುಗಳೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಕೀಬೋರ್ಡ್ ಅವರಿಗೆ ಇನ್ನೂ ಹಿಡಿಸಿಲ್ಲ.