ಈ ದನಿ ಯಾರದು? ಖುತ್ಬಾ ಧ್ವನಿಮುದ್ರಣಕ್ಕೆ ಗುರುತು ಹಾಕುವ ಬಗೆ

ಜುಮಾ ಖುತ್ಬಾಗಳ ಸಾರಾಂಶ ಬರೆಯಲು ಕುಳಿತಾಗ ನಮ್ಮ ಮುಂದೆ ಹಲವು ಧ್ವನಿ ಫೈಲುಗಳಿರುತ್ತವೆ. ಹೆಡತಲೆಯ ಓದುಗರೊಬ್ಬರು ಈಚೆಗೆ ಒಂದು ಫೈಲು ಕಳಿಸಿದರು. ನೆರೆಹೊರೆಯವರ ಹಕ್ಕಿನ ಬಗ್ಗೆ ಒಳ್ಳೆಯ ಮಾತುಗಳು. ಅದು ಅವರಿಗೆ ನಂಜನಗೂಡಿನ ಬಂಧುವಿನಿಂದ ಬಂದಿತ್ತು, ಆ ಬಂಧುವಿಗೆ ತಿ. ನರಸೀಪುರದ ವಾಟ್ಸ್‌ಆಪ್ ಗುಂಪಿನಿಂದ. ಖತೀಬರು ಯಾರು, ಯಾವ ಮಸೀದಿ, ಯಾವ ಶುಕ್ರವಾರ ಎಂಬುದು ಯಾರಿಗೂ ಗೊತ್ತಿರಲಿಲ್ಲ. ನಡುವೆ ಮಾತು ಕತ್ತರಿಸಿದಂತೆಯೂ ಕೇಳುತ್ತಿತ್ತು. ನಾವು ಅದನ್ನು ಪ್ರಕಟಿಸಲಿಲ್ಲ.

ಹದೀಸ್ ವಿದ್ವಾಂಸರು ಒಂದು ಮಾತನ್ನು ಸ್ವೀಕರಿಸುವ ಮೊದಲು ಅದರ ಸನದ್ ನೋಡುತ್ತಿದ್ದರು. ಯಾರು ಯಾರಿಂದ ಕೇಳಿದರು ಎಂಬ ಸರಪಳಿ ಅದು. ಇಂದು ಫೋನಿನಲ್ಲಿ ಹರಿದಾಡುವ ಖುತ್ಬಾಗಳಿಗೆ ಆ ಸರಪಳಿಯೇ ಇಲ್ಲ. ಅರ್ಧ ಮಾತು ಕತ್ತರಿಸಿ ಬೇರೆ ತಲೆಬರಹ ಕೊಟ್ಟು ಹಂಚಿದರೆ ಆಡಿದವರ ಮೇಲೆ ಅಪವಾದ ಬರುತ್ತದೆ. ಆದ್ದರಿಂದ ಗುರುತು ಬೇಕಾಗಿರುವುದು ವ್ಯಾಪಾರಕ್ಕಲ್ಲ, ಅಮಾನತ್ ಕಾಪಾಡಲು.

ಮೊದಲನೆಯದು, ಬಾಯಿಮಾತಿನ ಗುರುತು. ಖುತ್ಬಾ ಮುಗಿದ ಮೇಲೆ, ಮುದ್ರಣದ ಮೊದಲಿಗೂ ಕೊನೆಗೂ ಖತೀಬರ ಹೆಸರು, ಮಸೀದಿ, ಊರು, ದಿನಾಂಕವನ್ನು ಬೇರೆಯಾಗಿ ಹೇಳಿ ಸೇರಿಸಿರಿ. ಫೈಲು ಯಾವ ರೂಪಕ್ಕೆ ಬದಲಾದರೂ ಇದು ಜೊತೆಗೇ ಹೋಗುತ್ತದೆ. ಆದರೆ ಕತ್ತರಿಸುವುದು ಸುಲಭ.

ಎರಡನೆಯದು, ಫೈಲಿನೊಳಗಿನ ಚೀಟಿ. ಎಂಪಿ3 ಫೈಲಿನಲ್ಲಿ ಇದಕ್ಕೆ ಐಡಿ3 ಟ್ಯಾಗ್ ಎನ್ನುತ್ತಾರೆ. 1996ರ ಮೊದಲ ರೂಪದಲ್ಲಿ ಫೈಲಿನ ಕೊನೆಯ 128 ಬೈಟ್ ಮಾತ್ರ ಇದಕ್ಕೆ ಮೀಸಲು, ಶೀರ್ಷಿಕೆಗೆ 30 ಅಕ್ಷರ. ನಂತರದ ರೂಪದಲ್ಲಿ ಕನ್ನಡ ಲಿಪಿಯಲ್ಲೇ ಶೀರ್ಷಿಕೆ, ಹೆಸರು, ವರ್ಷ, ಹಕ್ಕುದಾರರ ವಿವರ ಬರೆಯಬಹುದು. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರ್‌ನಲ್ಲೂ ಇವುಗಳಲ್ಲಿ ಮುಖ್ಯವಾದವನ್ನು ತುಂಬಬಹುದು. ವಾಟ್ಸ್‌ಆಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲು ಇದ್ದ ಹಾಗೇ ತಲುಪುತ್ತದೆ. ಆದರೆ ಯಾರು ಬೇಕಾದರೂ ಈ ಚೀಟಿ ಅಳಿಸಬಹುದು.

ಮೂರನೆಯದು, ಹ್ಯಾಶ್, ಅಂದರೆ ಫೈಲಿನ ಬೆರಳಚ್ಚು. ಎಸ್‌ಎಚ್‌ಎ-256 ಎಂಬ ಲೆಕ್ಕ ಪ್ರತಿ ಫೈಲಿಗೂ 64 ಅಕ್ಷರಗಳ ಒಂದು ಸಾಲು ಕೊಡುತ್ತದೆ. ಒಂದೇ ಒಂದು ಬಿಟ್ ಬದಲಾದರೂ ಸಾಲು ಬೇರೆಯಾಗುತ್ತದೆ. ಮೂಲ ಫೈಲನ್ನು ಮಸೀದಿಯ ಕಂಪ್ಯೂಟರಿನಲ್ಲಿಟ್ಟು, ಈ ಸಾಲನ್ನು ದಿನಾಂಕದೊಂದಿಗೆ ರಿಜಿಸ್ಟರಿನಲ್ಲಿ ಬರೆದಿಡಿ. ಮುಂದೆ ವಿವಾದ ಬಂದರೆ, ನಮ್ಮಲ್ಲಿರುವ ಮೂಲ ಅಂದಿನಿಂದ ಬದಲಾಗಿಲ್ಲ ಎಂದು ತೋರಿಸಬಹುದು. ಇದು ಹಂಚುವವರನ್ನು ತಡೆಯದು, ಮೂಲಕ್ಕೆ ಸಾಕ್ಷಿಯಾಗುತ್ತದೆ.

ಕಿವಿಗೆ ಕೇಳಿಸದಂತೆ ದನಿಯೊಳಗೇ ಗುರುತು ಬೆರೆಸುವ ವಾಟರ್‌ಮಾರ್ಕ್ ಕೂಡ ಇದೆ. ಅದಕ್ಕೆ ವಿಶೇಷ ತಂತ್ರಾಂಶ ಬೇಕು, ಮೊಹಲ್ಲಾ ಮಸೀದಿಗೆ ಅಷ್ಟು ಅಗತ್ಯವಿಲ್ಲ.

ಇನ್ನು ಕಾನೂನು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಾರ್ವಜನಿಕ ಭಾಷಣದ ಮೊದಲ ಹಕ್ಕು, ಬೇರೊಬ್ಬರ ಪರವಾಗಿ ಮಾತಾಡಿದ್ದಲ್ಲವಾದರೆ, ಭಾಷಣ ಮಾಡಿದವರದು. ಏರ್ಪಡಿಸಿದವರು ಸಂಬಳ ಕೊಡುತ್ತಿದ್ದರೂ ಅದು ಬದಲಾಗದು. ಧ್ವನಿಮುದ್ರಣದ ಹಕ್ಕು ಮುದ್ರಣ ಮಾಡಿಸಿದವರದು. ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ನೋಂದಣಿ ಕಡ್ಡಾಯವಲ್ಲ. ಅಂದರೆ ಒಂದೇ ಫೈಲಿನಲ್ಲಿ ಇಬ್ಬರ ಹಕ್ಕಿದೆ. ಆದ್ದರಿಂದ ಖತೀಬರ ಅನುಮತಿಯನ್ನು ಮೊದಲೇ ಬರಹದಲ್ಲಿ ಪಡೆಯುವುದು ಲೇಸು. 2012ರ ತಿದ್ದುಪಡಿಯಲ್ಲಿ ಸೇರಿದ 65ಬಿ ಕಲಮು, ಹಕ್ಕಿನ ಗುರುತನ್ನು ತಿಳಿದೂ ಅನಧಿಕೃತವಾಗಿ ಅಳಿಸಿದವರಿಗೆ 2 ವರ್ಷದವರೆಗೆ ಸಜೆ ಮತ್ತು ದಂಡ ಹೇಳುತ್ತದೆ. ನಾವು ಬರೆದ ಪುಟ್ಟ ಚೀಟಿಗೂ ಬೆಲೆಯಿದೆ ಎಂದಾಯಿತು.

ಮನೆಯ ಮಕ್ಕಳು ಫೋನಿನಲ್ಲಿ ಇದನ್ನೆಲ್ಲ ನಮಗಿಂತ ಬೇಗ ಕಲಿಯುತ್ತಾರೆ. ಮಸೀದಿಯ ಧ್ವನಿಮುದ್ರಣದ ಹೊಣೆಯನ್ನು ಅಂಥ ಇಬ್ಬರು ಯುವಕರಿಗೆ ವಹಿಸಿರಿ. ನಾವು ಕೇಳಿಕೊಳ್ಳುವುದು ಇಷ್ಟೇ: ಹೆಸರು, ಮಸೀದಿ, ದಿನಾಂಕವಿಲ್ಲದ ಫೈಲನ್ನು ಮುಂದಕ್ಕೆ ಕಳಿಸುವ ಮುನ್ನ ಕಳಿಸಿದವರನ್ನು ಕೇಳಿರಿ. ಉತ್ತರ ಸಿಗದಿದ್ದರೆ ಅದು ನಿಮ್ಮಲ್ಲೇ ನಿಲ್ಲಲಿ. ಕೇಳಿದ್ದನ್ನು ಕೇಳಿದಂತೆಯೇ ತಲುಪಿಸುವ ತೌಫೀಕನ್ನು ಅಲ್ಲಾಹನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೀನ್.