ಜೂಮ್ ಹುಚ್ಚು ಬಿಡಿಸಿದ ಮುಹೂರ್ತ!

ದೇವಸ್ಥಾನದೊಳಗೆ ಕಾಲಿಡಲು ಜಾಗವಿಲ್ಲ. ನಿರ್ಮಾಪಕರ ಕಡೆಯವರು, ಹೀರೋ ಕಡೆಯವರು, ಯಾರ ಕಡೆಯವರೂ ಅಲ್ಲದವರು... ಎಲ್ಲರೂ ಸೇರಿ ಗರ್ಭಗುಡಿ ಮುಂದೆ ನೂಕುನುಗ್ಗಲು. ಕ್ಲಾಪ್ ಬಿತ್ತು. ಪೂಜಾರರು ಮಂಗಳಾರತಿ ತಂದರು. ಹೊಸ ನಾಯಕಿ ಆರತಿ ಕಣ್ಣಿಗೊತ್ತಿಕೊಂಡು, ಹಾಗೇ ತಿರುಗಿ ಒಂದು ನಗೆ ನಕ್ಕಳು ನೋಡಿ... ಆಹಾ!

ನಾನು ಕಂಬದ ಮರೆಯಲ್ಲಿದ್ದೆ. ಆದರೂ ಚಿಂತೆ ಇರಲಿಲ್ಲ. ಕೈಯಲ್ಲಿ 18ರಿಂದ 300 ಮಿ.ಮೀ.ವರೆಗೆ ಎಳೆಯುವ ಜೂಮ್ ಲೆನ್ಸ್ ಇತ್ತಲ್ಲ! "ಇದೊಂದಿದ್ರೆ ಪ್ರಪಂಚವೇ ನಿಮ್ಮ ಕೈಯಲ್ಲಿ ಸಾರ್" ಅಂದಿದ್ದ ಅಂಗಡಿಯವನು. ಅಕ್ಕನ ಹತ್ತಿರ ಸಾಲ ಮಾಡಿ ತಂದು ಇನ್ನೂ ಹತ್ತು ದಿನ ಆಗಿರಲಿಲ್ಲ. ಸರ್ರನೆ ಎಳೆದೆ, ಟಕಟಕ ಒತ್ತಿದೆ.

ಸಂಜೆ ಕಂಪ್ಯೂಟರ್‌ನಲ್ಲಿ ನೋಡಿದರೆ ಎದೆ ಧಸಕ್ಕೆಂದಿತು. ದೀಪ ಇದೆ, ಕಂಬ ಇದೆ. ನಾಯಕಿಯ ಮುಖ ಮಾತ್ರ ಮಳೆಯಲ್ಲಿ ನೆನೆದ ರಂಗೋಲಿ! ಮುಖಪುಟಕ್ಕೆ ಚಿತ್ರ ಕೊಡ್ತೀನಿ ಅಂತ ಒಂದು ಪತ್ರಿಕೆಗೆ ಮಾತು ಕೊಟ್ಟಿದ್ದೆ. ಸಂಪಾದಕರು ಕೇಳಿದ್ದು ಒಂದೇ ಪ್ರಶ್ನೆ: "ಏನಯ್ಯಾ, ಇದು ನಾಯಕಿಯೋ, ಕರ್ಪೂರದ ಹೊಗೆಯೋ?" ಮುಖಪುಟ ಇನ್ನೊಬ್ಬನ ಪಾಲಾಯಿತು. ಅವನ ಹತ್ತಿರ ಇದ್ದದ್ದು ಜೂಮೇ ಆಗದ, ಅಂಗೈಯಲ್ಲಿ ಮುಚ್ಚಿಹೋಗುವ 50 ಮಿ.ಮೀ. ಲೆನ್ಸು!

ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು. ಫಿಸಿಕ್ಸ್ ಮೇಷ್ಟ್ರು ಲೆನ್ಸ್ ಪಾಠ ಮಾಡುವಾಗ ಮ್ಯಾಟಿನಿಯಲ್ಲಿ ಕೂತಿದ್ದೆ. ಆ ಪಾಠವನ್ನು ಅವತ್ತು ಅಕ್ಕನ ದುಡ್ಡಿನಲ್ಲಿ ಕಲಿತೆ. ಗೆಳೆಯರೇ, ನೀವಾದರೂ ಬಿಟ್ಟಿಯಾಗಿ ಕಲಿಯಿರಿ.

ಎಷ್ಟು ದೂರ ಅಲ್ಲ, ಎಷ್ಟು ಬೆಳಕು!

ಲೆನ್ಸ್ ಮೇಲೆ ಎರಡು ಲೆಕ್ಕ ಬರೆದಿರುತ್ತೆ. ಮೊದಲನೆಯದು 18–55, 18–135, 55–250 ಅನ್ನೋ ಥರ. ಚಿಕ್ಕ ಸಂಖ್ಯೆ ಅಂದ್ರೆ ಅಗಲ ನೋಟ, ದೊಡ್ಡದು ಅಂದ್ರೆ ದೂರದ್ದು ಹತ್ತಿರ. ನಾವೆಲ್ಲ ಮರುಳಾಗೋದು ಇದಕ್ಕೇ.

ಎರಡನೆಯದು 3.5–5.6 ಅನ್ನೋ ಥರ ಇರುತ್ತೆ. ಲೆನ್ಸಿನ ಕಿಂಡಿ ಎಷ್ಟು ತೆರೆಯುತ್ತೆ ಅನ್ನೋ ಲೆಕ್ಕ ಅದು. ತಮಾಷೆ ಏನಂದ್ರೆ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್ 2.8 ಒಳಗೆ ಬಿಡುವ ಬೆಳಕು 5.6ರ ನಾಲ್ಕು ಪಟ್ಟು. ಆ ಇನ್ನೊಬ್ಬನ ಲೆನ್ಸ್ 1.8, ಹೆಚ್ಚೂಕಡಿಮೆ ಹತ್ತು ಪಟ್ಟು!

ನನ್ನಂಥ ಜೂಮನ್ನು ಎಳೆದಷ್ಟೂ ಬೆಳಕು ಕಡಿಮೆ ಬೀಳುತ್ತೆ. ಬೆಳಕು ಸಾಲದೆ ಶಟರ್ 1/15 ಸೆಕೆಂಡ್ ತೆರೆದೇ ಇತ್ತು. 300 ಮಿ.ಮೀ.ನಲ್ಲಿ ಕೈಯಲ್ಲಿ ಹಿಡಿದು ಹೊಡೆಯೋದಾದ್ರೆ ಕನಿಷ್ಠ 1/300 ಬೇಕು ಅನ್ನೋದು ಹಳಬರ ಲೆಕ್ಕ. ಲೆನ್ಸಿನಲ್ಲಿ ಸ್ಟೆಬಿಲೈಸರ್ ಇದೆಯಲ್ಲ ಅಂತೀರಾ? ಅದು ನಿಮ್ಮ ಕೈ ನಡುಕ ತಡೆಯುತ್ತೆ ಅಷ್ಟೇ. ನಾಯಕಿ ತಿರುಗೋದನ್ನು ತಡೆಯುತ್ತಾ? ಐಎಸ್‌ಓ ಏರಿಸಿದ್ರೆ ಶಟರ್ ವೇಗ ಸಿಗುತ್ತೆ, ಜೊತೆಗೆ ಚಿತ್ರದ ತುಂಬಾ ರವೆ ಚೆಲ್ಲಿದ ಹಾಗೆ ಚುಕ್ಕಿ.

ಕುಬ್ರಿಕ್ ಸಾಹೇಬರನ್ನು ಕೇಳಿ

ಸಿನಿಮಾದವರಿಗೆ ಇದು ಹೊಸದಲ್ಲ. 1975ರಲ್ಲಿ ಬಂದ 'ಬ್ಯಾರಿ ಲಿಂಡನ್' ನೋಡಿ. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್, ಛಾಯಾಗ್ರಾಹಕ ಜಾನ್ ಆಲ್ಕಾಟ್. ಬಯಲಿನ ಹಗಲು ದೃಶ್ಯಗಳಲ್ಲಿ ಜೂಮ್ ನಿಧಾನವಾಗಿ ಹಿಂದೆ ಸರಿಯುತ್ತಾ ಇಡೀ ಸೀಮೆಯನ್ನೇ ತೋರಿಸುತ್ತೆ. ಅದೇ ಚಿತ್ರದಲ್ಲಿ ಮೇಣದಬತ್ತಿ ಬೆಳಕಿನ ಕೋಣೆ ಬಂತೋ, ಜೂಮ್ ಪೆಟ್ಟಿಗೆಗೆ! ಅಲ್ಲಿ ಬಳಸಿದ್ದು ಝೈಸ್ ಕಂಪನಿ ನಾಸಾಗಾಗಿ ಮಾಡಿದ್ದ 50 ಮಿ.ಮೀ., ಎಫ್ 0.7 ಲೆನ್ಸು. ಹಗಲಿಗೊಂದು, ದೀಪಕ್ಕೊಂದು. ಅಂಥವರೇ ಒಂದೇ ಲೆನ್ಸಲ್ಲಿ ಪ್ರಪಂಚ ಕಟ್ಟಲಿಲ್ಲ. ನಾನು ಕಟ್ಟಲು ಹೊರಟಿದ್ದೆ!

ಹಾಗಾದ್ರೆ ಕೊಳ್ಳೋದು ಯಾವುದು?

ಜೂಮ್ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಹೊಸಬನಿಗೆ ಜೂಮೇ ಸರಿ. ತನಗೇನು ಬೇಕು ಅಂತ ಅವನಿಗೇ ಗೊತ್ತಿರಲ್ಲ. ಕ್ಯಾಮೆರಾ ಜೊತೆ ಬರೋ 18–55ನ್ನು ಹೀಗಳೆಯಬೇಡಿ. ಎರಡು ತಿಂಗಳು ಅದರಲ್ಲೇ ಹೊಡೀರಿ. ಯಾವ ಫೋಟೋ ಎಷ್ಟು ಮಿ.ಮೀ.ನಲ್ಲಿ ತೆಗೆದದ್ದು ಅಂತ ಕ್ಯಾಮೆರಾನೇ ಬರೆದಿಡುತ್ತೆ. ಮೆಚ್ಚಿದ ನೂರು ಚಿತ್ರ ಆರಿಸಿ, ಲೆಕ್ಕ ಹಾಕಿ. ನಾನು ಹಾಕಿದಾಗ ಮುಕ್ಕಾಲು ಪಾಲು 50ರ ಒಳಗೇ ಇದ್ದವು. 300? ಎರಡೇ ಎರಡು. ಅದರಲ್ಲೊಂದು ಕಾಗೆ!

ಸಣ್ಣ ಸೆನ್ಸರ್‌ನ ಸಾಮಾನ್ಯ ಕ್ಯಾಮೆರಾಗಳಿಗೆ ನನ್ನ ಲೆಕ್ಕ ಇದು. ಜಾತ್ರೆ, ತೇರು, ಥಿಯೇಟರ್ ಮುಂದಿನ ಕಟೌಟು, ಹಾಲಿನ ಅಭಿಷೇಕ... ಹೀಗೆ ಹಗಲು ಬೆಳಕಿನ ಗಿರಾಕಿಗಳಾದ್ರೆ 18–135 ಅಥವಾ 18–140. ಕಟೌಟ್ ಪೂರ್ತಿ ಹಿಡಿಯೋಕೆ 18, ಬಾಲ್ಕನಿಯಿಂದ ಕೈ ಬೀಸೋ ಹೀರೋಗೆ 135. ಧೂಳಿನಲ್ಲಿ ಲೆನ್ಸ್ ಬದಲಾಯಿಸೋ ತಾಪತ್ರಯವೂ ಇಲ್ಲ. ಮುಹೂರ್ತ, ಮದುವೆಮನೆ, ಆಡಿಯೋ ಬಿಡುಗಡೆ ಥರ ಒಳಾಂಗಣವೇ ಹೆಚ್ಚಾದ್ರೆ 17–50, ಎಫ್ 2.8. ಎಳೆತ ಕಡಿಮೆ, ಆದರೆ ಪೂರ್ತಿ ಎಳೆದರೂ 2.8 ಹಾಗೇ ಇರುತ್ತೆ. ಟ್ಯಾಮ್ರಾನ್, ಸಿಗ್ಮಾ ಕಂಪನಿಗಳ ಇಂಥ ಲೆನ್ಸ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲೂ ಸಿಗುತ್ತವೆ. ಹಕ್ಕಿ, ಕ್ರಿಕೆಟ್ ಹುಚ್ಚಿದ್ರೆ 18–55ರ ಜೊತೆಗೆ 55–250 ಸೇರಿಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಆದ್ರೆ ನಿಮ್ಮ ಕ್ಯಾಮೆರಾ ಹಿಡಿದುಕೊಂಡೇ ಹೋಗಿ. ಮೊದಲು ಮೌಂಟ್ ಹೊಂದುತ್ತಾ ನೋಡಿ. ಕ್ಯಾನನ್‌ನ ಹಳೇ ಇಎಫ್ ಲೆನ್ಸು ಅಡಾಪ್ಟರ್ ಹಾಕಿದ್ರೆ ಹೊಸ ಆರ್‌ಎಫ್ ಕ್ಯಾಮೆರಾಗೆ ಕೂರುತ್ತೆ. ಹೊಸ ಲೆನ್ಸು ಹಳೇ ಕ್ಯಾಮೆರಾಗೆ ಕೂರಲ್ಲ. ಒಳಗೆ ಟಾರ್ಚ್ ಬಿಟ್ಟು ನೋಡಿ; ಜೇಡರ ಬಲೆ ಥರ ಎಳೆ ಕಂಡರೆ ಅದು ಫಂಗಸ್, ಕೈ ಮುಗಿದು ಎದ್ದುಬನ್ನಿ. ಕಿಂಡಿ ಪೂರ್ತಿ ತೆರೆದು, ಜೂಮಿನ ಎರಡೂ ತುದಿಯಲ್ಲಿ ಒಂದೊಂದು ಫೋಟೋ ಹೊಡೆದು, ದೊಡ್ಡದು ಮಾಡಿ ನೋಡಿದ ಮೇಲೇ ದುಡ್ಡು ಎಣಿಸಿ.

ನಾನು ಆ 300ನ್ನು ನಷ್ಟಕ್ಕೇ ಮಾರಿದೆ. ಈಗ ಕೈಯಲ್ಲಿರೋದು ಸೆಕೆಂಡ್ ಹ್ಯಾಂಡ್ 17–50. ಮೊನ್ನೆ ಇನ್ನೊಂದು ಮುಹೂರ್ತ. ಅದೇ ಕತ್ತಲು, ಅದೇ ನೂಕುನುಗ್ಗಲು. ಈ ಸಲ ಕಂಬದ ಮರೆ ಬಿಟ್ಟು, ಬೈಸಿಕೊಂಡರೂ ಪರವಾಗಿಲ್ಲ ಅಂತ ನಾಲ್ಕು ಹೆಜ್ಜೆ ಮುಂದೆ ನುಗ್ಗಿದೆ. ಮುಖಪುಟ ಸಿಗಲಿಲ್ಲ, ಒಳಪುಟದಲ್ಲಿ ಅರ್ಧ ಪುಟ ಸಿಕ್ಕಿತು. ಬಂದ ದುಡ್ಡನ್ನು ಸಾಲದ ಮೊದಲ ಕಂತು ಅಂತ ಅಕ್ಕನ ಕೈಗಿಟ್ಟೆ. ಅವಳು ದುಡ್ಡು ಎಣಿಸಲಿಲ್ಲ; ಪತ್ರಿಕೆ ಬಿಡಿಸಿ ಚಿತ್ರ ನೋಡಿದಳು.

"ಪರವಾಗಿಲ್ಲ ಕಣೋ, ಈ ಸಲ ಮೂಗುಬೊಟ್ಟೂ ಕಾಣ್ತಿದೆ!"