ಹಂದಿ ಕದ್ದವನ ಏಳು ವರ್ಷ: ಐರಿಷ್ ಕೈದಿಗಳ ಬಗ್ಗೆ ಆರು ತಪ್ಪು ಕಲ್ಪನೆಗಳು

ಐರ್ಲೆಂಡಿನ ಟಿಪ್ಪರರಿ ಸೀಮೆಯ ಜಾನ್ ಕೆಲ್ಲಿ ಎರಡು ಹಂದಿ ಕದ್ದು ಸಿಕ್ಕಿಬಿದ್ದ. 1841ರಲ್ಲಿ ಅವನಿಗೆ ಏಳು ವರ್ಷದ ಗಡಿಪಾರು ಶಿಕ್ಷೆಯಾಯಿತು. ಮರುವರ್ಷ ಜನವರಿಯಲ್ಲಿ ಇಂದಿನ ಟಾಸ್ಮೇನಿಯಾದ ಹೋಬಾರ್ಟ್ ಬಂದರಿನಲ್ಲಿ ಇಳಿದ. ಆಸ್ಟ್ರೇಲಿಯಾದ ಮನೆಮಾತಾದ ದರೋಡೆಕೋರ ನೆಡ್ ಕೆಲ್ಲಿಯ ಅಪ್ಪ ಇವನೇ. 1788ರಿಂದ 1868ರವರೆಗೆ ಬ್ರಿಟನ್ ಆಸ್ಟ್ರೇಲಿಯಾಕ್ಕೆ ಸಾಗಿಸಿದ ಸುಮಾರು 1,62,000 ಕೈದಿಗಳಲ್ಲಿ 40,000ದಷ್ಟು ಮಂದಿ ಐರ್ಲೆಂಡಿನ ಬಂದರುಗಳಲ್ಲೇ ಹಡಗು ಹತ್ತಿದವರು. ಹಾಡು, ಸಿನಿಮಾಗಳು ಕಟ್ಟಿಕೊಟ್ಟ ಅವರ ಚಿತ್ರಕ್ಕೂ ದಾಖಲೆಗಳಿಗೂ ಅಷ್ಟಾಗಿ ಹೊಂದಿಕೆಯಿಲ್ಲ. ಶಿಕ್ಷೆಯ ನಿಜವಾದ ಭಾರ ಬೇರೆಲ್ಲೋ ಇತ್ತು.

ತಪ್ಪು ಕಲ್ಪನೆ 1: ಎಲ್ಲರೂ ಸ್ವಾತಂತ್ರ್ಯ ಹೋರಾಟಗಾರರು

ಸತ್ಯ: ಹೋರಾಟಗಾರರು ಇದ್ದದ್ದು ನಿಜ. ಬ್ರಿಟಿಷ್ ಆಳ್ವಿಕೆಯ ವಿರುದ್ಧದ 1798ರ ಐರಿಷ್ ದಂಗೆಯವರು ಬಂದರು, 1849ರಲ್ಲಿ ಯಂಗ್ ಐರ್ಲೆಂಡ್ ಚಳವಳಿಯ ಸ್ಮಿತ್ ಒಬ್ರಿಯೆನ್ ಬಂದ, 1868ರಲ್ಲಿ ಕೊನೆಯ ಕೈದಿ ಹಡಗು ಹೂಗಮೌಂಟ್‌ನಲ್ಲಿ ಫೀನಿಯನ್ ಎಂಬ ಐರಿಷ್ ಕ್ರಾಂತಿಕಾರಿ ಗುಂಪಿನ 62 ಮಂದಿ ಬಂದಿಳಿದರು. ಆದರೆ ಒಟ್ಟು ಲೆಕ್ಕದಲ್ಲಿ ಇವರದು ಸಣ್ಣ ಪಾಲು. ದನ, ಕುರಿ, ಬಟ್ಟೆಬರೆ ಕದ್ದ ಬಡವರೇ ಹೆಚ್ಚು. ಇವೆರಡರ ನಡುವೆ ಇನ್ನೊಂದು ಗುಂಪಿತ್ತು. ಗೇಣಿ ಏರಿಸಿದ ಜಮೀನುದಾರನ ಮೇಲೆ, ಒಕ್ಕಲೆಬ್ಬಿಸಿದ ಹೊಲಕ್ಕೆ ಬಂದ ಹೊಸ ಗೇಣಿದಾರನ ಮೇಲೆ ರಾತ್ರಿ ಹೊತ್ತು ದಾಳಿ ಮಾಡುತ್ತಿದ್ದ ವೈಟ್‌ಬಾಯ್‌ಗಳಂಥವರು ಅವರು. ಅವರದು ರಾಜಕೀಯವೋ ಬರೀ ಪುಂಡಾಟವೋ ಎಂಬುದು ಕೋರ್ಟಿನ ಕಡತ ನೋಡಿ ತೀರ್ಮಾನಿಸುವ ವಿಷಯವಲ್ಲ.

ತಪ್ಪು ಕಲ್ಪನೆ 2: ರೊಟ್ಟಿ ಚೂರು ಕದ್ದರೂ ಜೀವಾವಧಿ

ಸತ್ಯ: ರೊಟ್ಟಿ ಕದ್ದ ಕೈದಿ ಎಂದೊಡನೆ ನೆನಪಾಗುವ ಜೀನ್ ವಾಲ್ಜೀನ್, ವಿಕ್ಟರ್ ಹ್ಯೂಗೋ ಕಾದಂಬರಿಯ ಫ್ರೆಂಚ್ ಪಾತ್ರ. ರೊಟ್ಟಿಗಾಗಿ ಅವನಿಗೂ ಬಿದ್ದದ್ದು ಐದು ವರ್ಷ. ಐರಿಷ್ ಕೈದಿಗಳಲ್ಲಿ ಹೆಚ್ಚಿನವರ ಶಿಕ್ಷೆ ಏಳು ವರ್ಷ, ಉಳಿದವರದು ಹತ್ತು, ಹದಿನಾಲ್ಕು ಅಥವಾ ಜೀವಾವಧಿ. ಹಸಿವಿನ ಕಥೆ ಸುಳ್ಳಲ್ಲ, ಅದರ ನಿಜರೂಪ ಇನ್ನೂ ವಿಚಿತ್ರ. 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಕ್ಷಾಮ ಕವಿದಾಗ ಕೆಲವು ಹೆಂಗಸರು ಗಡಿಪಾರಾಗಲಿ ಎಂದೇ ಬಣವೆಗೆ ಬೆಂಕಿ ಇಟ್ಟರು. ಗೊತ್ತಿಲ್ಲದ ಖಂಡದಲ್ಲಿ ಹೊತ್ತು ಹೊತ್ತಿಗೆ ಊಟವಾದರೂ ಸಿಕ್ಕೀತು ಎಂಬ ಲೆಕ್ಕಾಚಾರ.

ತಪ್ಪು ಕಲ್ಪನೆ 3: ಅರ್ಧಕ್ಕರ್ಧ ಕೈದಿಗಳು ಹಡಗಿನಲ್ಲೇ ಸಾಯುತ್ತಿದ್ದರು

ಸತ್ಯ: ಈ ಕಲ್ಪನೆಗೆ ಮೂಲ 1790ರಲ್ಲಿ ಬಂದ ಕೈದಿ ಹಡಗುಗಳ ಎರಡನೇ ತಂಡ. ಅದರಲ್ಲಿ ಸುಮಾರು ಸಾವಿರ ಕೈದಿಗಳ ಪೈಕಿ ಕಾಲು ಭಾಗ ದಾರಿಯಲ್ಲೇ ಸತ್ತರು. ಹಡಗು ಹತ್ತಿಸಿಕೊಂಡ ತಲೆಗೆ ಇಷ್ಟೆಂದು ಗುತ್ತಿಗೆದಾರರಿಗೆ ಹಣ ಸಂದಾಯವಾಗುತ್ತಿತ್ತು; ಜೀವಂತ ಇಳಿಸಿದರೆ ಹೆಚ್ಚು ಲಾಭವೇನೂ ಇರಲಿಲ್ಲ. 1814ರಲ್ಲಿ ಮೂರು ಹಡಗುಗಳಲ್ಲಿ ಜ್ವರ ಹಬ್ಬಿ ಸಾವು ಹೆಚ್ಚಿದಾಗ ತನಿಖೆ ಮಾಡಿ ವರದಿ ಕೊಟ್ಟವರು ವೈದ್ಯ ವಿಲಿಯಂ ರೆಡ್‌ಫರ್ನ್. ಅವರೂ ಕೈದಿಯಾಗಿಯೇ ಬಂದಿದ್ದವರು. ಆಮೇಲೆ ಪ್ರತಿ ಹಡಗಿನಲ್ಲೂ ಅಧಿಕಾರವುಳ್ಳ ಸರ್ಕಾರಿ ವೈದ್ಯರನ್ನು ನೇಮಿಸಿದರು. ಸಾವು ನೂರಕ್ಕೆ ಒಬ್ಬರ ಆಸುಪಾಸಿಗೆ ಇಳಿಯಿತು. ಸಮುದ್ರದ ಅಪಾಯ ಮಾತ್ರ ತಪ್ಪಲಿಲ್ಲ. ಕಾರ್ಕ್ ಬಂದರಿನಿಂದ ಮಹಿಳಾ ಕೈದಿಗಳನ್ನು ಹೊತ್ತು ಹೊರಟ ನೀವಾ ಎಂಬ ಹಡಗು 1835ರಲ್ಲಿ ಕಿಂಗ್ ದ್ವೀಪದ ಬಳಿ ಒಡೆದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಉಳಿದವರು 15 ಮಂದಿ.

ತಪ್ಪು ಕಲ್ಪನೆ 4: ಇಳಿದ ದಿನದಿಂದ ಜೈಲು ಕೋಣೆ, ಕಾಲಿಗೆ ಸರಪಳಿ

ಸತ್ಯ: ಕರಿನೀರಿನ ಶಿಕ್ಷೆ ಎಂದರೆ ನಮ್ಮ ಕಣ್ಣಮುಂದೆ ಬರುವುದು ಅಂಡಮಾನಿನ ಸೆಲ್ಯುಲರ್ ಜೈಲು. ಮೊದಮೊದಲ ಸಿಡ್ನಿಯಲ್ಲಿ ಹೆಚ್ಚಿನ ಕೈದಿಗಳಿಗೆ ಅಂಥ ಕೋಣೆಯೇ ಇರಲಿಲ್ಲ. ರಾಕ್ಸ್ ಬಡಾವಣೆಯ ಗುಡಿಸಲುಗಳಲ್ಲಿ ಅವರು ತಮ್ಮ ಪಾಡಿಗೆ ವಾಸವಿದ್ದರು. ಮಧ್ಯಾಹ್ನದವರೆಗೆ ಸರ್ಕಾರದ ಕೆಲಸ, ಆಮೇಲೆ ಕೂಲಿಗೆ ದುಡಿದು ಬಾಡಿಗೆ ಕಟ್ಟುವುದು. ಹೈಡ್ ಪಾರ್ಕ್ ಬ್ಯಾರಕ್ಸ್ ಎಂಬ ವಸತಿ ತೆರೆದದ್ದು 1819ರಲ್ಲಿ. ಅದರ ನಕ್ಷೆ ಬರೆದ ಫ್ರಾನ್ಸಿಸ್ ಗ್ರೀನ್‌ವೇ ಕೂಡ ಕೈದಿಯಾಗಿ ಬಂದವನೇ.

ಬಹುಪಾಲು ಕೈದಿಗಳನ್ನು ಖಾಸಗಿ ಧಣಿಗಳ ಹೊಲ, ಕುರಿಹಟ್ಟಿ, ಅಡುಗೆಮನೆಗಳಿಗೆ ಹಂಚುತ್ತಿದ್ದರು. ಊಟ, ಬಟ್ಟೆ ಧಣಿಯದು, ಸಂಬಳವಿಲ್ಲ. ಧಣಿ ತಾನೇ ಚಾವಟಿ ಬೀಸುವಂತಿರಲಿಲ್ಲ, ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ಆದರೆ ಆ ಮ್ಯಾಜಿಸ್ಟ್ರೇಟ್ ಅನೇಕ ಕಡೆ ಪಕ್ಕದ ಜಮೀನಿನ ಒಡೆಯನೇ ಆಗಿರುತ್ತಿದ್ದ. ಎದುರು ಮಾತಾಡಿದ್ದಕ್ಕೂ 25, 50 ಏಟು ಬೀಳುತ್ತಿತ್ತು. ಒಳ್ಳೆಯ ಧಣಿ ಸಿಕ್ಕರೆ ಬದುಕು, ಇಲ್ಲದಿದ್ದರೆ ನರಕ. ನಾರ್ಫಕ್ ದ್ವೀಪ, ಪೋರ್ಟ್ ಆರ್ಥರ್‌ನಂಥ ಭಯಾನಕ ಜಾಗಗಳು ಮುಖ್ಯವಾಗಿ ಇಲ್ಲಿಗೆ ಬಂದ ಮೇಲೆ ಮತ್ತೆ ತಪ್ಪು ಮಾಡಿದವರಿಗೆ ಮೀಸಲು.

ಏಳು ವರ್ಷದವನು ನಾಲ್ಕು ವರ್ಷ ತಂಟೆಯಿಲ್ಲದೆ ಕಳೆದರೆ ಟಿಕೆಟ್ ಆಫ್ ಲೀವ್ ಎಂಬ ಕಾಗದ ಸಿಗಬಹುದಿತ್ತು. ಬಂದ ಹಡಗು, ಹುಟ್ಟೂರು, ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಗಾಯದ ಕಲೆ, ಎಲ್ಲವೂ ಅದರಲ್ಲಿ ನಮೂದು. ಕೂಲಿ ಮಾಡಿಕೊಳ್ಳಬಹುದು, ಆದರೆ ಬರೆದ ಜಿಲ್ಲೆ ಬಿಟ್ಟು ಕದಲುವಂತಿಲ್ಲ. ಕಾನ್‌ಸ್ಟೇಬಲ್ ಕೇಳಿದಾಗ ತೋರಿಸಲು ಕಾಗದವಿಲ್ಲದಿದ್ದರೆ ಮತ್ತೆ ಬಂಧನ.

ತಪ್ಪು ಕಲ್ಪನೆ 5: ಅವಧಿ ಮುಗಿದರೆ ಸರ್ಕಾರವೇ ಊರಿಗೆ ಕಳಿಸುತ್ತಿತ್ತು

ಸತ್ಯ: ಕಳಿಸುವ ಖರ್ಚು ಸರ್ಕಾರದ್ದು, ಮರಳುವ ಖರ್ಚು ಕೈದಿಯದು. ಸಂಬಳವಿಲ್ಲದೆ ದುಡಿದವನು ತಿಂಗಳುಗಟ್ಟಲೆ ಹಡಗಿನ ಚಾರ್ಜು ಎಲ್ಲಿಂದ ತರಬೇಕು? ಮರಳಿದವರು ತೀರ ಕಡಿಮೆ. ಅವಧಿ ಯಾವಾಗ ಮುಗಿಯುತ್ತದೆ ಎಂಬುದೂ ಕೆಲವರಿಗೆ ಗೊತ್ತಿರಲಿಲ್ಲ. ಐರ್ಲೆಂಡಿನಿಂದ ನೇರವಾಗಿ ಬಂದ ಮೊದಲ ಹಡಗು ಕ್ವೀನ್ 1791ರಲ್ಲಿ ಸಿಡ್ನಿ ಮುಟ್ಟಿದಾಗ ಕೈದಿಗಳ ಶಿಕ್ಷೆಯ ಕಾಗದಪತ್ರಗಳೇ ಜೊತೆಗೆ ಬರಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಆ ಹಡಗಿನ ಇಪ್ಪತ್ತು ಗಂಡಸರು, ಒಬ್ಬ ಗರ್ಭಿಣಿ ಉತ್ತರಕ್ಕೆ ನಡೆದೇ ಚೀನಾ ಸೇರುತ್ತೇವೆಂದು ಕಾಡು ಹೊಕ್ಕರು. ಒಂದು ನದಿ ದಾಟಿದರೆ ಚೀನಾ ಎಂದು ನಂಬಿದ್ದರಂತೆ ಎಂದು ಸೇನಾಧಿಕಾರಿ ವಾಟ್ಕಿನ್ ಟೆಂಚ್ ಬರೆದಿಟ್ಟಿದ್ದಾನೆ. ಓದಿ ನಕ್ಕವರು ಬಹಳ ಜನ. ಆದರೆ ನಕ್ಷೆಯನ್ನೇ ಕಾಣದವರಿಗೆ ಆ ಊಹೆ ಅಸಾಧ್ಯವೆನಿಸಬೇಕಿರಲಿಲ್ಲ.

ಹಂದಿ ಕದ್ದ ಜಾನ್ ಕೆಲ್ಲಿಗೆ 1848ರ ಜನವರಿಯಲ್ಲಿ ಬಿಡುಗಡೆ ಪತ್ರ ಸಿಕ್ಕಿತು. ಐರ್ಲೆಂಡಿನಲ್ಲಿ ಆಗ ಕ್ಷಾಮ. ಅವನು ಹೋದದ್ದು ಇಂದಿನ ವಿಕ್ಟೋರಿಯಾಕ್ಕೆ. ಅಲ್ಲೇ ಮದುವೆಯಾಗಿ, 1866ರಲ್ಲಿ ಅಲ್ಲೇ ಸತ್ತ. ಏಳು ವರ್ಷದ ಶಿಕ್ಷೆ ಹೀಗೆ ಸದ್ದಿಲ್ಲದೆ ಜೀವಾವಧಿಯಾಗುತ್ತಿತ್ತು.

ತಪ್ಪು ಕಲ್ಪನೆ 6: ಐರಿಷ್ ಕೈದಿ ಕೊನೆಯವರೆಗೂ ಬರೀ ಬಲಿಪಶು

ಸತ್ಯ: 1798ರ ದಂಗೆಯ ಆರೋಪಕ್ಕೆ ಗಡಿಪಾರಾಗಿ 1800ರಲ್ಲಿ ಬಂದ ಜೇಮ್ಸ್ ಮೀಹನ್ ಸರ್ವೇಯರನ ಸಹಾಯಕನಾದ, 1806ರಲ್ಲಿ ಪೂರ್ಣ ಕ್ಷಮಾದಾನ ಪಡೆದ. ಮುಂದೆ ಹೋಬಾರ್ಟ್, ಲಿವರ್‌ಪೂಲ್ ಪಟ್ಟಣಗಳ ಬೀದಿ ಅಳೆದು, ಊರಿಗೇ ಹೆಸರಾಂತ ಭೂಮಾಪಕನಾದ. ಆರಂಭದ ನಿಯಮದಂತೆ ಬಿಡುಗಡೆಯಾದ ಒಂಟಿ ಗಂಡಸಿಗೆ 30 ಎಕರೆ, ಮದುವೆಯಾಗಿದ್ದರೆ ಇನ್ನೂ 20, ಮಗುವಿಗೆ ತಲಾ 10 ಎಕರೆ ಹಂಚುತ್ತಿದ್ದರು. ಊರಲ್ಲಿ ಗೇಣಿ ಕಟ್ಟಲಾರದವನು ಇಲ್ಲಿ ಭೂಮಾಲೀಕ.

ಆ ನೆಲ ಖಾಲಿ ಬಿದ್ದಿರಲಿಲ್ಲ. ಸಿಡ್ನಿ ಸುತ್ತಮುತ್ತ ಅದು ಧಾರುಗ್ ಮೂಲನಿವಾಸಿಗಳು ಬೇಟೆಯಾಡಿ, ಗೆಡ್ಡೆ ಅಗೆದು ಬದುಕುತ್ತಿದ್ದ ಜಾಗ. ಅವರನ್ನು ಯಾರೂ ಕೇಳಲಿಲ್ಲ. ಒಕ್ಕಲೆಬ್ಬಿಸುವಿಕೆಯ ಕಹಿ ಉಂಡು ಬಂದವರ ಹೆಸರಿಗೇ ಇನ್ನೊಬ್ಬರ ಹೊಲಮನೆ ಅಳತೆಯಾಯಿತು. ಐರಿಷ್ ಕೈದಿಯ ಬದುಕನ್ನು ಹೇಳುವಾಗ ಅವನು ಕಳೆದುಕೊಂಡದ್ದರ ಪಕ್ಕದಲ್ಲೇ ಅವನಿಗೆ ಸಿಕ್ಕ ಎಕರೆಗಳ ಲೆಕ್ಕವನ್ನೂ ಬರೆಯಬೇಕು.